ಇಬ್ಬರಿಗೆ ಸಾಕಾಗುವ ಬಿಸಿನೀರು

ಬಾಯ್ಲರ್ ಕೆಟ್ಟದ್ದು ಜನವರಿಯಲ್ಲಿ, ಹಿಮ ಬಿದ್ದು ಕೀತ್ಲಿ ಪೇಟೆಯ ಬಸ್ಸುಗಳು ಗುಡ್ಡ ಹತ್ತಲಾರದೆ ಅರ್ಧ ದಾರಿಯಲ್ಲೇ ಜನರನ್ನು ಇಳಿಸಿ ವಾಪಸು ಹೋಗುತ್ತಿದ್ದ ವಾರ. ಸಗ್ಡನ್ ಅವರ ಅಡುಗೆಮನೆಯ ಗೋಡೆಯ ಮೇಲೆ ಕೂತು, ಮನೆಯ ಅಷ್ಟೂ ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳಿಗೆ ಬಿಸಿನೀರು ತಳ್ಳುತ್ತ, ಅಮ್ಮನ ಕಾಲದಿಂದಲೂ ಗುರುಗುಟ್ಟುತ್ತಿದ್ದ ಆ ಡಬ್ಬಿ ಒಂದು ಬೆಳಿಗ್ಗೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನೋಡಲು ಬಂದ ಗ್ಯಾಸಿನವನು ಮುಚ್ಚಳ ಬಿಚ್ಚಿ ಒಳಗೆ ಟಾರ್ಚು ಬಿಟ್ಟ. "ಇದಕ್ಕೆ ಬಿಡಿಭಾಗ ಎಲ್ಲಿ ಸಿಗುತ್ತಮ್ಮ, ಮಾಡೋದು ನಿಲ್ಸೇ ಎಷ್ಟೋ ಕಾಲ ಆಯ್ತು" ಎಂದ. ಬಳಸಬಾರದು ಎಂಬ ಕೆಂಪು ಚೀಟಿ ಅಂಟಿಸಿ, ಹೊಸದು ಹಾಕಿಸಿಕೊಳ್ಳಿ ಎಂದು ಹೇಳಿ ಹೋದ.

ಲೋರ್ನಾ ಸಗ್ಡನ್ ಆ ಕೆಂಪು ಚೀಟಿಯನ್ನೇ ನೋಡುತ್ತ ನಿಂತಳು. ಅವಳಿಗೆ ಗಾಬರಿಯಾಗಬೇಕಿತ್ತು. ಆದದ್ದು ಖುಷಿ. ಈ ಮನೆ ಇನ್ನು ಸಾಕು ಎನ್ನಲು ಇದಕ್ಕಿಂತ ಒಳ್ಳೆಯ ನೆವ ಎಲ್ಲಿ ಸಿಗುತ್ತದೆ?

ನೆವ ಯಾಕೆ ಬೇಕಿತ್ತು ಎಂದರೆ, ನೇರವಾಗಿ ಹೇಳುವ ಅಭ್ಯಾಸ ಆ ಮನೆಗೆ ಇರಲಿಲ್ಲ. ಆ ಮನೆಯ ಮಾತೇಕೆ, ನಮ್ಮ ಬೀದಿಗೇ ಇಲ್ಲ. ಮೂಗು ಮರಗಟ್ಟುವ ಚಳಿಯಲ್ಲಿ "ಸ್ವಲ್ಪ ತಣ್ಣಗಿದೆ, ಅಲ್ವಾ" ಅನ್ನುತ್ತೇವೆ. ಕಾಲು ಮುರಿದುಕೊಂಡು ಬಿದ್ದವನನ್ನು ಹೇಗಿದ್ದೀಯಪ್ಪ ಎಂದು ಕೇಳಿದರೆ ದೂರುವಂಥದ್ದೇನೂ ಇಲ್ಲ ಅನ್ನುತ್ತಾನೆ. ಬೇಡ ಎಂಬ ಮಾತನ್ನು ಎದುರಿಗಿದ್ದವರ ಮುಖಕ್ಕೆ ಹೇಳುವುದು ನಮ್ಮಲ್ಲಿ ಕಪಾಳಕ್ಕೆ ಹೊಡೆದಷ್ಟೇ ಒರಟು. ಹಾಗೆ ಹೇಳುವ ಬದಲು ಸುಳ್ಳು ಹೇಳಿ ಹಿಂಬಾಗಿಲಿನಿಂದ ತಪ್ಪಿಸಿಕೊಳ್ಳುತ್ತೇವೆ. ಬಾಯಿದ್ದೂ ಮೂಕರಾದ ಈ ಜನದ ಮಧ್ಯೆ ಇದ್ದು ಇದ್ದು ನನಗಂತೂ ತಲೆ ಚಿಟ್ಟು ಹಿಡಿದಿದೆ.

ಲೋರ್ನಾಗೆ ಆಗ ಅರವತ್ತೊಂದು. ಇಪ್ಪತ್ತಮೂರರಲ್ಲಿ ಅವಳು ಲೀಡ್ಸಿನ ಬೂಟಿನ ಅಂಗಡಿಯಲ್ಲಿ ಕೆಲಸ ಮಾಡುತ್ತ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದುಕೊಂಡು, ಶನಿವಾರ ಸಂಜೆ ಕುಣಿಯಲು ಹೋಗುತ್ತಿದ್ದ ಹುಡುಗಿ. ಅಮ್ಮನಿಗೆ ಲಕ್ವ ಹೊಡೆಯಿತು. ಈಸ್ಟರ್‌ವರೆಗೆ ಇದ್ದು ಹೋಗ್ತೀನಿ ಎಂದು ಒಂದು ಪೆಟ್ಟಿಗೆ ಹಿಡಿದು ಬಂದಳು. ಅಮ್ಮ ಹಾಸಿಗೆಯಲ್ಲಿ ಮಲಗಿಕೊಂಡೇ ಹತ್ತೊಂಬತ್ತು ವರ್ಷ ಮನೆ ಆಳಿದರು. ಅವರು ಹೋದ ಮೇಲೆ ನೆಂಟರು, ನೆರೆಯವರು, ಚರ್ಚಿನವರು ಎಲ್ಲರದೂ ಒಂದೇ ರಾಗ: ಡೆಸ್ಮಂಡ್‌ನನ್ನು ಒಬ್ಬನನ್ನೇ ಹೇಗೆ ಬಿಡ್ತೀಯ?

ಡೆಸ್ಮಂಡ್ ಅವಳ ಅಣ್ಣ. ಐದು ವರ್ಷ ದೊಡ್ಡವನು, ಮದುವೆಯಾಗಲಿಲ್ಲ. ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಂಗಳವಾರ ಸಂಜೆ ಊರಿನ ಬ್ಯಾಂಡಿನಲ್ಲಿ ತನ್ನ ಹೊಟ್ಟೆಯಷ್ಟೇ ದಪ್ಪದ ಹಿತ್ತಾಳೆಯ ವಾದ್ಯ ಊದುವುದೊಂದು ಬಿಟ್ಟರೆ ಅವನಿಗೆ ಬೇರೆ ಚಟವಿಲ್ಲ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಲೋರ್ನಾಗೆ ಎಷ್ಟೋ ಸುಲಭವಾಗುತ್ತಿತ್ತು, ಜಗಳವಾಡಿ ಹೊರಟುಹೋಗಬಹುದಿತ್ತು. ಇವನ ಜೊತೆ ಯಾವ ಜಗಳ? ಬಟ್ಟೆ ಒಗೆಯುವ ಯಂತ್ರದ ಯಾವ ಗುಂಡಿ ಒತ್ತಬೇಕೆಂದು ಗೊತ್ತಿಲ್ಲದವನು. ಟೀ ಎಲೆಯ ಡಬ್ಬಿ ಎಲ್ಲಿರುತ್ತದೆ ಎಂದೂ ಗೊತ್ತಿಲ್ಲ. ಯಾರು ಏನು ಕೇಳಿದರೂ ಅವನದು ಒಂದೇ ಉತ್ತರ: "ನಮ್ಮ ಲೋರ್ನಾ ನೋಡ್ಕೋತಾಳೆ."

ಲೋರ್ನಾ ನೋಡಿಕೊಂಡಳು. ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸಕ್ಕೆ ಸೇರಿಕೊಂಡು ಅಲ್ಲಿಯೂ ನೋಡಿಕೊಂಡಳು. ಯಾವ ಮಗುವಿಗೆ ಬಟಾಣಿ ಆಗುವುದಿಲ್ಲ, ಯಾವುದಕ್ಕೆ ಕಸ್ಟರ್ಡಿನ ಮೇಲೆ ಕಟ್ಟುವ ಕೆನೆ ಕಂಡರೆ ವಾಕರಿಕೆ, ಎಲ್ಲವೂ ಅವಳ ನೆನಪಿನಲ್ಲಿರುತ್ತಿತ್ತು. ಕೇಳುವ ಮೊದಲೇ ಸೌಟಿನಿಂದ ಕೆನೆ ಪಕ್ಕಕ್ಕೆ ಸರಿಸಿ ಬಡಿಸುತ್ತಿದ್ದಳು. ಇವತ್ತು ಗಡ್ಡ ಬಂದ ಗಂಡಸರು ಪೇಟೆಯಲ್ಲಿ ಎದುರಾದರೆ "ಚೆನ್ನಾಗಿದ್ದೀರಾ ಮಿಸ್" ಎಂದು ನಿಂತು ಮಾತಾಡಿಸುತ್ತಾರೆ. ನಿಮಗೇನು ಬೇಡ ಮಿಸ್ ಎಂದು ಮಾತ್ರ ಅವಳನ್ನು ಯಾರೂ ಕೇಳಿದ್ದಿಲ್ಲ.

ಅವಳ ಜೊತೆ ಬಡಿಸುತ್ತಿದ್ದ ನೊರೀನ್, ಗಂಡ ಸತ್ತ ಮೇಲೆ ಮೋರ್ಕಮ್‌ಗೆ ಹೋಗಿ ಸಮುದ್ರದ ಎದುರಿಗೆ ಒಂದು ಮನೆ ಹಿಡಿದಿದ್ದಳು. ಕೀತ್ಲಿ ಸ್ಟೇಷನ್ನಿನಿಂದ ಅಲ್ಲಿಗೆ ನೇರ ರೈಲಿದೆ, ಎಲ್ಲಿಯೂ ಬದಲಾಯಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಒಂದು ಸಲ ಲೋರ್ನಾ ಹೋಗುತ್ತಿದ್ದಳು. ನೀರಿನ ಪಕ್ಕ ನಡೆದು, ಮೀನು ಮತ್ತು ಚಿಪ್ಸ್ ತಿಂದು, ಡೆಸ್ಮಂಡ್‌ನ ರಾತ್ರಿಯ ಊಟಕ್ಕೆ ತಡವಾಗದ ಹಾಗೆ ವಾಪಸು ಬರುತ್ತಿದ್ದಳು. ಹೋದ ಬೇಸಿಗೆ ನೊರೀನ್ ತನ್ನ ಖಾಲಿ ಕೋಣೆ ತೋರಿಸಿ, "ಇದು ನಿಂಗೇ ಕಣೆ. ಈಸ್ಟರ್‌ವರ್ಗೂ ಇಟ್ಕೊಂಡಿರ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ" ಎಂದಿದ್ದಳು. ಆ ಕಿಟಕಿಯಲ್ಲಿ ನಿಂತರೆ ಮರಳಿನ ಆಚೆ ಬೆಟ್ಟಗಳು ಕಾಣುತ್ತವೆ. ಲೋರ್ನಾ ಅಲ್ಲಿ ನಿಂತಾಗಲೇ ಬರುತ್ತೇನೆ ಎಂದು ಮನಸ್ಸು ಮಾಡಿಬಿಟ್ಟಿದ್ದಳು.

ಉಳಿದದ್ದು ಅಣ್ಣನಿಗೆ ಹೇಳುವುದು. ಕ್ರಿಸ್‌ಮಸ್‌ಗೆ ಹೇಳೋಣ ಎಂದುಕೊಂಡಳು, ಆಗಲಿಲ್ಲ. ಹೊಸ ವರ್ಷಕ್ಕೆ ಹೇಳಲೇಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಡೆಸ್ಮಂಡ್ ಹಂದಿಮಾಂಸದ ಪೈ ಕತ್ತರಿಸುತ್ತ, "ಇನ್ನೊಂದು ವರ್ಷ ಬಂತು, ನೀನೂ ನಾನೂ" ಎಂದು ಅವಳ ತಟ್ಟೆಗೆ ದೊಡ್ಡ ತುಂಡು ಹಾಕಿದ. ಅವಳು ತೆರೆದ ಬಾಯಿಗೆ ಪೈ ತುಂಬಿಕೊಂಡಳು.

ಈಗ ಬಾಯ್ಲರ್ ಕೆಟ್ಟಿದೆ. ಇನ್ನು ಈ ಹಳೇ ಮನೆಗೆ ಯಾಕೆ ದುಡ್ಡು ಸುರಿಯೋದು ಎಂದು ಡೆಸ್ಮಂಡ್‌ನೇ ಅಂದುಬಿಟ್ಟರೆ? ಅವನು ಕೋಟು ಹಾಕಿಕೊಂಡು, ಉಣ್ಣೆ ಟೋಪಿ ಕಿವಿಯವರೆಗೆ ಎಳೆದುಕೊಂಡು ಅಡುಗೆಮನೆಗೆ ಬಂದ. ಕೆಂಪು ಚೀಟಿ ಓದಿದ.

"ಹೋಯ್ತಾ?"

"ಹೋಯ್ತು."

"ಸರಿ, ಯಾರನ್ನಾದ್ರೂ ಕರ್ಸಿ ಕೊಟೇಶನ್ ತಗೋ. ನೀನು ನೋಡ್ಕೋತೀಯಲ್ಲ" ಎಂದು ಓವನ್ನಿನ ಬಾಗಿಲು ತೆರೆದು ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತ.

ನಮ್ಮಲ್ಲಿ ಮೂರು ಜನರನ್ನು ಕರೆಸಿ ಕೊಟೇಶನ್ ತೆಗೆದುಕೊಳ್ಳದೆ ಯಾರೂ ಒಂದು ನಲ್ಲಿ ಕೂಡ ಬದಲಾಯಿಸುವುದಿಲ್ಲ. ಮೊದಲು ಬಂದವರು ಬ್ಯಾರಕ್ಲಫ್. ಊರಿನವರೇ, ಗಿಡ್ಡ ಆಳು, ಅರ್ಧ ಊರಿನ ಪೈಪುಗಳನ್ನು ಅವರೇ ಕೂಡಿಸಿದ್ದು. ಬಾಗಿಲಲ್ಲೇ ಬೂಟು ಕಳಚಿ, ಮೂರು ಚಮಚ ಸಕ್ಕರೆಯ ಟೀ ಕುಡಿದು, ಬಿಸ್ಕತ್ತು ಅದ್ದಿ ತಿಂದು, ಆಮೇಲೆ ಮಹಡಿ ಹತ್ತಿದರು. ಅಲ್ಲಿ ಮೆಟ್ಟಿಲ ತುದಿಯಲ್ಲಿ ಬೆಚ್ಚನೆಯ ಗೂಡು ಇತ್ತು. ಬೆಚ್ಚನೆಯ ಗೂಡು ಎಂದರೆ ಬಿಸಿನೀರಿನ ತಾಮ್ರದ ತೊಟ್ಟಿ ಇಟ್ಟ ಸಣ್ಣ ಕೋಣೆ. ತೊಟ್ಟಿಯ ಮೇಲೆ ಹಲಗೆ ಜೋಡಿಸಿ ಒಗೆದ ಬಟ್ಟೆ ಆರಿಸುತ್ತಾರೆ. ಡೆಸ್ಮಂಡ್ ಯಾವತ್ತೂ ತಲೆ ಹಾಕದ ಜಾಗ ಆ ಮನೆಯಲ್ಲಿ ಅದೊಂದೇ. ಲೋರ್ನಾ ಒಳಗೆ ಒಂದು ಮೊಣಕಾಲೆತ್ತರದ ಸ್ಟೂಲು ಇಟ್ಟುಕೊಂಡು, ಬಾಗಿಲು ಎಳೆದುಕೊಂಡು, ನೊರೀನ್‌ಗೆ ಫೋನ್ ಮಾಡುತ್ತಿದ್ದುದು ಅಲ್ಲಿಂದಲೇ.

ಬ್ಯಾರಕ್ಲಫ್ ತೊಟ್ಟಿಯ ಬೆನ್ನು ತಟ್ಟಿದರು. "ಒಳಗಿನ ಕರೆಂಟಿನ ಕಾಯಿಲು?"

"ಅದು ಸುಟ್ಟುಹೋಗಿ ಎಷ್ಟೋ ವರ್ಷ ಆಯ್ತು."

"ಮನೇಲಿ ಈಗ್ಲೂ ನೀವಿಬ್ರೇ ಅಲ್ವಾ ತಾಯಿ?"

"ಇಬ್ರು."

"ಇಬ್ರಾದ್ರೆ ಈ ತೊಟ್ಟಿ ಇರ್ಲಿ. ಕೆಳಗೆ ಹೊಸ ಬಾಯ್ಲರ್ ಹಾಕಿ ಇದಕ್ಕೇ ಕೂಡಿಸ್ತೀನಿ. ನೀವು ಸ್ನಾನ ಮಾಡ್ತಿರ್ಬೇಕಾದ್ರೆ ಅವರು ಕೆಳಗೆ ಗಡ್ಡ ಹೆರ್ಕೋಬಹುದು, ಇಬ್ರಿಗೂ ಬಿಸಿ ಬರುತ್ತೆ. ಒಬ್ರೇ ಇದ್ದಿದ್ರೆ ಬೇರೆ ಮಾತು. ತೊಟ್ಟಿ ಕಿತ್ತು ಬಿಸಾಕಿ, ಆಗಿಂದಾಗ ಕಾಯಿಸಿ ಕೊಡೋ ಸಣ್ಣ ಡಬ್ಬಿ ಒಂದು ಗೋಡೆಗೆ ಹಾಕಿದ್ರೆ ಮುಗೀತು. ಅದ್ರಲ್ಲಿ ಒಂದು ನಲ್ಲಿ ಬಿಟ್ರೆ ಇನ್ನೊಂದು ತಣ್ಣಗಾಗುತ್ತೆ, ನಿಮಗೆ ದಿನಾ ಜಗಳ."

"ಹೌದು, ಹೌದು" ಎಂದಳು ಲೋರ್ನಾ.

"ಇನ್ನು ಗ್ಯಾರಂಟಿ. ಐದು ವರ್ಷದ್ದಿದೆ, ಹತ್ತು ವರ್ಷದ್ದಿದೆ. ಇನ್ನೆಷ್ಟು ಕಾಲ ಇರ್ತೀರಿ ಈ ಮನೇಲಿ?"

ಲೋರ್ನಾ ಉತ್ತರ ಹುಡುಕುತ್ತಿರುವಾಗಲೇ ಕೆಳಗಿನಿಂದ ಡೆಸ್ಮಂಡ್ ಕೂಗಿದ: "ನಾಲ್ಕು ಜನ ಹೊತ್ಕೊಂಡು ಹೋಗೋವರ್ಗೂ! ಇಬ್ಬರ್ನೂ!"

ಬ್ಯಾರಕ್ಲಫ್ ಹೊಟ್ಟೆ ಕುಣಿಸಿ ನಕ್ಕರು. "ಹಾಗಾದ್ರೆ ಹತ್ತು ವರ್ಷದ್ದೇ ಬರ್ಕೋತೀನಿ."

ಲೋರ್ನಾಳೂ ನಕ್ಕಳು, ನಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ಹತ್ತು ವರ್ಷ ಎಂದರೆ ಎಪ್ಪತ್ತೊಂದು. ತೊಟ್ಟಿಯ ಪಕ್ಕದ ಗೋಡೆ ಹಿಡಿದುಕೊಂಡು ನಿಂತಳು. ಯಾರೋ ಹೊರಗಿನಿಂದ ಚಿಲಕ ಹಾಕಿದ ಹಾಗಾಯಿತು. "ತುಂಬಾ ಚೆನ್ನಾಗಿ ಹೇಳಿದ್ರಿ, ಆಮೇಲೆ ತಿಳಿಸ್ತೀನಿ" ಎಂದು ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟಳು.

ಎರಡನೆಯವನು ಒಂದು ದೊಡ್ಡ ಕಂಪನಿಯ ಕ್ರೇಗ್. ಮೊನಚು ಬೂಟು, ಕಂಕುಳಲ್ಲಿ ಟ್ಯಾಬ್ಲೆಟ್. ಡೆಸ್ಮಂಡ್ ಆಗ ಮನೆಯಲ್ಲಿರಲಿಲ್ಲ, ಬೆಚ್ಚಗಿರುತ್ತದೆ ಎಂದು ಹಗಲೆಲ್ಲ ಲೈಬ್ರರಿಯಲ್ಲಿ ಪೇಪರು ಓದಲು ಹೋಗುತ್ತಿದ್ದ. "ನಿಮ್ಮನ್ನ ಲೋರ್ನಾ ಅಂತ್ಲೇ ಕರೀಬಹುದಾ?" ಎಂದು ಕೇಳಿದ ಕ್ರೇಗ್, ಉತ್ತರಕ್ಕೆ ಕಾಯದೆ ಸೋಫಾದ ನಡುವೆ ಕೂತ. ಕೂತವನು ಏಳಲಿಲ್ಲ. ಬಣ್ಣದ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದ. ಒಂದು ಭಯಂಕರ ಬೆಲೆ ತೋರಿಸಿ, ಅದನ್ನು ಹೊಡೆದುಹಾಕಿ, ಅಷ್ಟೇನೂ ಭಯಂಕರವಲ್ಲದ ಇನ್ನೊಂದು ತೋರಿಸಿ, ಇದು ಇವತ್ತು ಮಾತ್ರ ಎಂದ. ಮ್ಯಾನೇಜರಿಗೆ ಫೋನ್ ಮಾಡಿ ಅವಳ ಪರವಾಗಿ ಗೋಗರೆದ ಹಾಗೆ ಮಾಡಿದ.

ಬಂದವರಿಗೆ ಟೀ ಕೊಡದಿರುವುದು ಲೋರ್ನಾಗೆ ಆಗದು. ಟೀ ಕೊಟ್ಟರೆ ಅವನು ಏಳನು. ಅವಳು ಮತ್ತೆ ಟೀ ಮಾಡಿದಳು. ಹೊರಗೆ ಕತ್ತಲಾಯಿತು. ಅವಳಿಗೆ ಬಚ್ಚಲಿಗೆ ಹೋಗಬೇಕಿತ್ತು, ಅತಿಥಿಯನ್ನು ಬಿಟ್ಟು ಹೋಗುವುದು ಹೇಗೆ ಎಂದು ಕಾಲು ಬಿಗಿಹಿಡಿದು ಕೂತಳು. ತನ್ನದೇ ಮನೆ, ತನ್ನದೇ ಸೋಫಾ, ಎದ್ದು ಹೋಗಪ್ಪ ಎನ್ನಲು ಬಾಯಿಲ್ಲ. ಅವಳಿಗೆ ಅವನಿಗಿಂತ ತನ್ನ ಮೇಲೇ ಸಿಟ್ಟು ಬಂತು.

"ಏನೋ ನಿಮ್ಮ ಮನಸ್ಸಲ್ಲಿ ಅಡ್ಡ ಬರ್ತಿದೆ ಲೋರ್ನಾ" ಎಂದ ಕ್ರೇಗ್, ತಲೆ ವಾರೆ ಮಾಡಿ. "ಏನದು ಹೇಳಿ. ಇಬ್ರೂ ಸೇರಿ ಸರಿಮಾಡೋಣ."

"ನಾವು ಮನೆ ಮಾರ್ತಾ ಇದೀವಿ" ಎಂದುಬಿಟ್ಟಳು ಲೋರ್ನಾ. ಎಲ್ಲಿಂದ ಬಂತೋ ಮಾತು. "ನಾನು ಮೋರ್ಕಮ್‌ಗೆ ಹೋಗ್ತಾ ಇದೀನಿ. ಸಮುದ್ರದ ಎದುರಿಗೇ ಮನೆ. ಹಾಗಾಗಿ ಬಾಯ್ಲರ್ ಬೇಕಾಗಲ್ಲ."

ಕ್ರೇಗ್ ಟ್ಯಾಬ್ಲೆಟ್ ಮುಚ್ಚಿದ. "ಮೊದ್ಲೇ ಹೇಳೋದಲ್ವಾ?" ಎಂದ. ಆಗಷ್ಟೇ ಹಾಲು ಬೆರೆಸಿಕೊಂಡಿದ್ದ ಟೀ ಕಪ್ಪನ್ನು ಹಾಗೇ ಬಿಟ್ಟು, ಕೋಟು ಹಾಕಿಕೊಂಡು, ಬಾಗಿಲಲ್ಲಿ ಒಳ್ಳೇದಾಗಲಿ ಎಂದು ಹೇಳಿ ಹೋದ.

ಇಷ್ಟು ಸುಲಭವೇ! ಲೋರ್ನಾ ಖಾಲಿ ಕೋಣೆಯಲ್ಲಿ ನಿಂತು ಇನ್ನೊಮ್ಮೆ ಹೇಳಿದಳು: "ನಾನು ಮೋರ್ಕಮ್‌ಗೆ ಹೋಗ್ತಾ ಇದೀನಿ." ಚಳಿಗೆ ಅವಳ ಉಸಿರು ಬಿಳಿಯಾಗಿ ಬಾಯಿಂದ ಹೊರಬಂದು ಕರಗಿತು. ಅಷ್ಟರಲ್ಲಿ ಹೊರಗೆ ಡೆಸ್ಮಂಡ್‌ನ ಕೆಮ್ಮು ಕೇಳಿಸಿತು. ಅವಳು ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮೂರನೆಯವನು ಇಮ್ತಿಯಾಜ್. ಅವಳ ಕೈಯಿಂದ ಊಟ ಬಡಿಸಿಕೊಂಡ ಹುಡುಗ, ಈಗ ಸ್ವಂತ ವ್ಯಾನು, ಎರಡು ಮಕ್ಕಳು. ನ್ಯಾಯವಾದ ಬೆಲೆ ಹೇಳಿದ. ಸೋಮವಾರವೇ ಬಂದು ಹಾಕುತ್ತೇನೆ ಎಂದ. ಅವಳು ಕೈ ಹಿಸುಕಿಕೊಳ್ಳುವುದನ್ನು ನೋಡಿ, "ಬೇಡ ಅಂದ್ರೆ ಬೇಡ ಅನ್ನಿ ಮಿಸ್, ನಂಗೇನೂ ಬೇಜಾರಿಲ್ಲ" ಎಂದ.

"ಅಯ್ಯೋ ಇಲ್ಲಪ್ಪ, ತುಂಬಾ ಚೆನ್ನಾಗಿದೆ, ತಿಳಿಸ್ತೀನಿ" ಎಂದಳು.

ಮೂರು ಕೊಟೇಶನ್ ಆಯಿತು. ಲೋರ್ನಾ ನಾಲ್ಕನೆಯವನನ್ನು ಕರೆಸಿದಳು. ಆಮೇಲೆ ಇನ್ನೊಬ್ಬನನ್ನು. ಬೀದಿಯವರು ಅವಳನ್ನು ಚೌಕಾಸಿಯ ಹೆಂಗಸು ಎಂದುಕೊಂಡರು. ಅವಳಿಗೆ ಮಾತ್ರ ಗೊತ್ತಿತ್ತು: ಯಾರಿಗೆ ಹೂಂ ಎಂದರೂ ಆ ಹೂಂ ಹತ್ತು ವರ್ಷಕ್ಕೆ. ಗೋಡೆಯ ಮೇಲೆ ಕೆಂಪು ಚೀಟಿ ಇರುವವರೆಗೆ ಏನೂ ತೀರ್ಮಾನವಾಗಿಲ್ಲ. ಹಾಗೆಂದು ಡೆಸ್ಮಂಡ್‌ಗೆ ಹೇಳುವ ಧೈರ್ಯವೂ ಬರಲಿಲ್ಲ. ಅಮ್ಮ ಮನೆಯನ್ನು ಇಬ್ಬರ ಹೆಸರಿಗೂ ಬರೆದಿದ್ದರು, ಒಬ್ಬರು ಒಪ್ಪದೆ ಇನ್ನೊಬ್ಬರು ಮಾರುವಂತಿಲ್ಲ. ಮಾರದಿದ್ದರೂ ಚಿಂತೆಯಿಲ್ಲ, ತಾನು ಬರಿಗೈಲಿ ಹೋದರೂ ಆದೀತು. ಇವನು ಇಲ್ಲಿ ಒಬ್ಬನೇ ಏನು ತಿನ್ನುತ್ತಾನೆ? ಅದೇ ಪ್ರಶ್ನೆ ಗಾಣದ ಎತ್ತಿನ ಹಾಗೆ ತಲೆಯಲ್ಲಿ ಸುತ್ತುತ್ತಿತ್ತು.

ಡೆಸ್ಮಂಡ್‌ನ ಕೆಮ್ಮು ಎದೆಗಿಳಿಯಿತು. ಅವನು ಟೋಪಿ ಹಾಕಿಕೊಂಡೇ ಮಲಗುತ್ತಿದ್ದ, ಬಿಸಿನೀರಿನ ರಬ್ಬರ್ ಚೀಲ ತಬ್ಬಿಕೊಂಡು. ಒಂದು ಸಲವೂ ಯಾಕೆ ತಡ ಎಂದು ಕೇಳಲಿಲ್ಲ. ಒಂದು ಬೆಳಿಗ್ಗೆ ಅವನು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡು ಗೋಡೆಗೆ ಒರಗಿದಾಗ ಲೋರ್ನಾಗೆ ಒಂದು ಯೋಚನೆ ಬಂತು: ಇವನು ಹೋದರೆ ನನಗೆ ಬಿಡುಗಡೆ. ಎಂಥ ಹೆಂಗಸಾಗಿಬಿಟ್ಟೆ ನಾನು ಎಂದು ಬೆಚ್ಚನೆಯದಲ್ಲದ ಬೆಚ್ಚನೆಯ ಗೂಡಿನೊಳಗೆ ಕೂತು ಅತ್ತಳು. ತಾಮ್ರದ ತೊಟ್ಟಿ ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು.

ಆ ಮಂಗಳವಾರ ಬ್ಯಾರಕ್ಲಫ್ ಫೋನ್ ಮಾಡಿದರು. "ಏನು ತಾಯಿ, ಏನು ತೀರ್ಮಾನ ಮಾಡಿದ್ರಿ? ಸಾಮಾನು ತರಿಸ್ಲಾ?"

ನಿಮ್ಮದು ಬೇಡ ಎನ್ನಬಹುದಿತ್ತು. ಇನ್ನೂ ಯೋಚನೆ ಮಾಡುತ್ತಿದ್ದೇನೆ ಎನ್ನಬಹುದಿತ್ತು. ಪಾಪ, ಇಷ್ಟು ದಿನ ಕಾಯಿಸಿದೆ ಎಂಬ ಸಂಕೋಚಕ್ಕೆ ಅವಳ ನಾಲಿಗೆ ಒಮ್ಮೆ ಫಲಿಸಿದ ಮದ್ದನ್ನೇ ಹುಡುಕಿತು. "ನಾವು ಮನೆ ಮಾರೋದು ಅಂತ ಮಾಡಿದೀವಿ ಬ್ಯಾರಕ್ಲಫ್ ಅವ್ರೆ. ನಾನು ಮೋರ್ಕಮ್‌ಗೆ ಹೋಗ್ತೀನಿ. ನಿಮಗೆ ಸುಮ್ನೆ ತೊಂದ್ರೆ ಕೊಟ್ಟೆ."

"ಓ, ಸಮುದ್ರದ ಗಾಳಿ! ಒಳ್ಳೇದಾಯ್ತು ಬಿಡಿ" ಎಂದರು ಅವರು.

ಕ್ರೇಗ್ ಬ್ರಾಡ್‌ಫರ್ಡಿನವನು, ಅವನಿಗೆ ಏನು ಹೇಳಿದರೂ ಗಾಳಿಗೆ ಹೋದ ಹಾಗೆ. ಬ್ಯಾರಕ್ಲಫ್ ಈ ಊರಿನವರು, ಮಂಗಳವಾರ ಸಂಜೆ ಕ್ಲಬ್ಬಿನಲ್ಲಿ ಬಿಯರ್ ಹಿಡಿದು ಕೂರುವವರು, ಬ್ಯಾಂಡು ಅಭ್ಯಾಸ ಮಾಡುವುದು ಅದೇ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ. ಇದು ಲೋರ್ನಾಗೆ ಗೊತ್ತಿಲ್ಲದ ವಿಷಯವೇನಲ್ಲ. ಡೆಸ್ಮಂಡ್ ವಾದ್ಯದ ಪೆಟ್ಟಿಗೆ ಹೊತ್ತುಕೊಂಡು ಮೂಲೆ ತಿರುಗಿದ ಮೇಲೆ ನೆನಪಾಯಿತು. ಓಡಿಹೋಗಿ ತಡೆಯೋಣವೆಂದರೆ ಏನೆಂದು ತಡೆಯುವುದು? ಅವಳು ಕಿಟಕಿಯ ಹತ್ತಿರ ಕೂತು ಕಾದಳು.

ಡೆಸ್ಮಂಡ್ ಬಂದ. ಪೆಟ್ಟಿಗೆ ಇಟ್ಟ. ಕೈ ಉಜ್ಜಿಕೊಂಡ.

"ಬ್ಯಾರಕ್ಲಫ್ ಸಿಕ್ಕಿದ್ದ" ಎಂದ.

"ಹೌದಾ?"

"ಹೂಂ."

ಅಷ್ಟೇ. ಅವನು ಓವನ್ನಿನ ಎದುರಿಗೆ ಸ್ವಲ್ಪ ಹೊತ್ತು ನಿಂತು, ಮೇಲೆ ಹೋಗಿ ಮಲಗಿದ. ಬೈದಿದ್ದರೆ ಲೋರ್ನಾ ಕಾಲಿಗೆ ಬೀಳುತ್ತಿದ್ದಳೋ ಏನೋ. ಮರುದಿನವೂ ಬೈಯಲಿಲ್ಲ, ಅದರ ಮರುದಿನವೂ ಇಲ್ಲ. ಹಿಮ ಕರಗುತ್ತಿದೆ ಎಂದ, ಪೈ ಚೆನ್ನಾಗಿದೆ ಎಂದ, ಉಪ್ಪು ಕೊಡು ಎಂದ. ಅವನಿಗೆ ಗೊತ್ತು ಎಂದು ಅವಳಿಗೆ ಗೊತ್ತು, ಅವಳಿಗೆ ಗೊತ್ತೆಂದು ಅವನಿಗೂ ಗೊತ್ತು. ಮೇಜಿನ ಎರಡು ಕಡೆ ಕೂತು ಇಬ್ಬರೂ ಸೂಪಿನ ಬಟ್ಟಲು ನೋಡಿಕೊಂಡು ಉಂಡರು. ನನ್ನನ್ನು ಕೇಳಿದರೆ, ಆ ವಾರ ಆ ಮನೆಯನ್ನು ಕೊರೆದದ್ದು ಚಳಿಯೊಂದೇ ಅಲ್ಲ.

ಶುಕ್ರವಾರ ನೊರೀನ್ ಫೋನ್ ಮಾಡಿದಳು. ಲೋರ್ನಾ ಗೂಡಿನೊಳಗೆ ಸೇರಿ ಬಾಗಿಲೆಳೆದುಕೊಂಡಳು.

"ಈಸ್ಟರ್‌ವರ್ಗೂ ಅಂದಿದ್ದೆ ನಿಜ, ಆದ್ರೆ ಇನ್ನೊಬ್ರು ಕೋಣೆ ಕೇಳ್ತಿದಾರೆ ಕಣೆ. ಬರ್ತೀಯೋ ಇಲ್ವೋ ಭಾನುವಾರಕ್ಕೆ ಹೇಳಿಬಿಡು. ಹೇಳಿದ್ಯಾ ನಿಮ್ಮಣ್ಣಂಗೆ?"

"ಹೇಳ್ದಂಗೆ ಆಗಿದೆ."

"ಅಂದ್ರೆ ಹೇಳಿಲ್ಲ. ಲೋರ್ನಾ, ನಿಂಗೆ ಅರವತ್ತೊಂದು ವರ್ಷ. ಮೂರು ವರ್ಷದ ಮಗೂನೂ ಬೇಡ ಅನ್ನುತ್ತೆ, ಬೇಕು ಅನ್ನುತ್ತೆ."

"ಅವನು ಕೆಮ್ತಾ ಇದಾನೆ ನೊರೀನ್."

"ಕೆಮ್ಮಿಗೆ ಔಷಧಿ ಕೊಡು. ನಿನ್ನನ್ನೇ ಕೊಡಬೇಡ" ಎಂದು ನೊರೀನ್ ಫೋನ್ ಇಟ್ಟಳು.

ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಲೋರ್ನಾ ಕೋಟಿನ ಮೇಲೆ ಏಪ್ರನ್ ಕಟ್ಟಿಕೊಂಡೇ ಹೋಗಿ ತೆಗೆದಳು. ಬ್ಯಾರಕ್ಲಫ್. ಬೀದಿಯಲ್ಲಿ ವ್ಯಾನು, ಅವರ ಕೈಯಲ್ಲಿ ಹತಾರದ ಚೀಲ, ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆ.

"ನಾನು ಅವತ್ತು ಫೋನಲ್ಲಿ..." ಎಂದಳು ಲೋರ್ನಾ.

"ಗೊತ್ತು ತಾಯಿ. ಅದೇ ಸಂಜೆ ಡೆಸ್ಮಂಡ್ ಬಂದು ಹಾಕಿಬಿಡಿ ಅಂದ. ನಿಮಗೆ ಹೇಳಿಲ್ವಾ?" ಬೂಟು ಕಳಚಿ, ಅವಳನ್ನು ದಾಟಿ, ಮೆಟ್ಟಿಲು ಹತ್ತಿದರು.

ಹಾಗಾದರೆ ಮುಗಿಯಿತು ಎಂದುಕೊಂಡಳು. ಜೀವಮಾನದಲ್ಲಿ ಒಂದು ತೀರ್ಮಾನ ಮಾಡದವನು ಇದೊಂದನ್ನು ಮಾಡಿಬಿಟ್ಟಿದ್ದಾನೆ. ಹತ್ತು ವರ್ಷ. ಅವರ ಹಿಂದೆಯೇ ಮೇಲೆ ಹೋದಳು. ಬ್ಯಾರಕ್ಲಫ್ ಗೂಡಿನೊಳಗಿನ ಟವೆಲ್ಲು, ದಿಂಬಿನ ಚೀಲಗಳನ್ನೆಲ್ಲ ತೆಗೆದು ಹೊರಗಿಡುತ್ತಿದ್ದರು. ಸ್ಟೂಲನ್ನೂ ಹೊರಗಿಟ್ಟರು.

"ಇದನ್ನೆಲ್ಲ ಯಾಕೆ ತೆಗೀತಿದೀರಿ? ತೊಟ್ಟಿ ಇರ್ಲಿ ಅಂದಿದ್ರಲ್ಲ ನೀವು?"

"ಇಬ್ರಿಗಾದ್ರೆ ಅಂದಿದ್ದೆ" ಎಂದರು ಬ್ಯಾರಕ್ಲಫ್, ಪೈಪಿನ ಸುತ್ತ ಬಟ್ಟೆ ಸುತ್ತುತ್ತ. "ಡೆಸ್ಮಂಡ್ ಒಬ್ರಿಗಾಗೋದು ಹಾಕಿ ಅಂದ. ತೊಟ್ಟಿ ಕಿತ್ತುಹಾಕಿ, ಸಣ್ಣ ಡಬ್ಬಿ ಸಾಕು, ಗ್ಯಾರಂಟಿನೂ ಐದು ವರ್ಷದ್ದೇ ಸಾಕು ಅಂದ."

ಲೋರ್ನಾಗೆ ಮೊದಲು ಉರಿ ಹತ್ತಿತು. ತೊಟ್ಟಿಯ ಜೊತೆಗೆ ನನ್ನನ್ನೂ ಕಿತ್ತು ಬೀದಿಗಿಡುತ್ತಿದ್ದಾನೆ! ಮೂವತ್ತೆಂಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಒಂದು ಮಾತು ಬೇಡವೇ? ಅವಳು ತಿರುಗಿದಳು. ಡೆಸ್ಮಂಡ್ ಮೆಟ್ಟಿಲ ಕೆಳಗೆ ನಿಂತಿದ್ದ. ಟೋಪಿ ಕೈಯಲ್ಲಿ ಹಿಡಿದುಕೊಂಡು, ಅವಳಿಗೆ ಬೆನ್ನು ಹಾಕಿ, ಬಾಗಿಲ ಪಕ್ಕದ ಗೋಡೆಯನ್ನೇ ನೋಡುತ್ತಿದ್ದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಒಂದು ಕೋಟಿನ ಮೊಳೆ ಬಿಟ್ಟರೆ.

ಬ್ಯಾರಕ್ಲಫ್ ಕತ್ತರಿಸುವ ಹತಾರ ಕೈಗೆತ್ತಿಕೊಂಡು ಒಬ್ಬರ ಮುಖ, ಒಬ್ಬರ ಬೆನ್ನು ನೋಡಿದರು. "ನೋಡಿ, ಈ ಪೈಪು ಕತ್ತರಿಸಿದ್ಮೇಲೆ ಮತ್ತೆ ಜೋಡ್ಸಿ ಅಂದ್ರೆ ನಾನು ಕೇಳಲ್ಲ. ನೀವೂ ಒಂದು ಮಾತು ಬಾಯಿ ಬಿಟ್ಟು ಹೇಳಿ ತಾಯಿ. ಒಬ್ರಿಗಾ, ಇಬ್ರಿಗಾ?"

ಇಬ್ರಿಗೆ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ವರ್ಷ ಬ್ರೆಡ್ ಕೊಂಡದ್ದು ಇಬ್ಬರಿಗೆ, ಆಲೂಗಡ್ಡೆ ಸುಲಿದದ್ದು ಇಬ್ಬರಿಗೆ. ಅದನ್ನು ಹೇಳಿಬಿಟ್ಟರೆ ಎಲ್ಲರಿಗೂ ನೆಮ್ಮದಿ, ಬ್ಯಾರಕ್ಲಫ್ ನಗುತ್ತಾರೆ, ಟೀ ಮಾಡಬಹುದು. ಡೆಸ್ಮಂಡ್ ಒಂದು ಸಲ ತಿರುಗಿ ನೋಡಿದ್ದರೆ ಅವಳು ಹೇಳಿಯೇ ಬಿಡುತ್ತಿದ್ದಳು. ಅವನಿಗೆ ಕೆಮ್ಮು ಬಂತು. ಹೆಗಲು ಅಲುಗುವಷ್ಟು ಬಂತು. ಟೋಪಿಯನ್ನು ಬಾಯಿಗೆ ಒತ್ತಿಹಿಡಿದು ಅದನ್ನು ನುಂಗಿದ, ಆದರೂ ತಿರುಗಲಿಲ್ಲ. ತನ್ನ ಮುಖ ಕಂಡರೆ ಇವಳು ಹೋಗಲಾರಳು ಎಂದು ಅವನಿಗೆ ಗೊತ್ತಿದೆ. ಅದು ಲೋರ್ನಾಗೆ ಆಗ ಹೊಳೆಯಿತು. ಹೋಗು ಎನ್ನಲು ಬಾಯಿ ಬಾರದ ಅವಳ ಅಣ್ಣ ಬೆನ್ನು ತಿರುಗಿಸಿ ನಿಂತಿದ್ದ.

"ಒಬ್ರಿಗೆ" ಎಂದಳು ಲೋರ್ನಾ. ದನಿ ಬಿರುಸಾಗಿ ಬಂತು, ಅವಳದಲ್ಲವೆಂಬ ಹಾಗೆ. "ಒಬ್ರಿಗಾಗೋದೇ ಹಾಕಿ. ನಾನು ಮೋರ್ಕಮ್‌ಗೆ ಹೋಗ್ತೀನಿ."

ಬ್ಯಾರಕ್ಲಫ್ ಪೈಪಿಗೆ ಹತಾರ ಹಚ್ಚಿದರು. ತಾಮ್ರ ಕಿರುಗುಟ್ಟಿತು. ಲೋರ್ನಾ ಮೇಲಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಟೀ ಮಾಡ್ತೀನಿ" ಎಂದ ಡೆಸ್ಮಂಡ್, ಗೋಡೆಗೆ.

ಅಡುಗೆಮನೆಯಲ್ಲಿ ಕಪಾಟುಗಳ ಬಾಗಿಲು ಒಂದೊಂದಾಗಿ ತೆರೆದು ಮುಚ್ಚುವ ಸದ್ದು ಬಂತು. ಏನೋ ಕೆಳಗೆ ಬಿತ್ತು. "ಟೀ ಎಲೆ ಡಬ್ಬಿ ಎಲ್ಲಿಟ್ಟಿದೀಯೇ?" ಎಂದು ಕೂಗಿದ. ಅವಳು ಏಳಹೋದಳು. ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಮತ್ತೆ ಕೂತಳು. "ಕಿಟಕಿ ಪಕ್ಕದ ಕಪಾಟು, ಮೇಲಿನ ಹಲಗೆ" ಎಂದಳು.

ಬಹಳ ಹೊತ್ತಿನ ಮೇಲೆ ಅವನು ಕಪ್ಪು ಹಿಡಿದು, ತುಳುಕದ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಅವಳ ಕೈಗೆ ಕೊಟ್ಟ. ಅವಳಿಗಾಗಿ ಅವನು ಮಾಡಿದ ಮೊದಲ ಟೀ. ಲೋರ್ನಾ ಕುಡಿದಳು. ಪಾಕದ ಹಾಗೆ ಸಿಹಿ. ತನಗೆ ಹಾಕಿಕೊಳ್ಳುವಷ್ಟೇ ಸಕ್ಕರೆಯನ್ನು ಅವಳಿಗೂ ಹಾಕಿದ್ದ. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಬೆಳಿಗ್ಗೆ ಸಂಜೆ ಎದುರು ಬದುರು ಟೀ ಕುಡಿದಿದ್ದಾರೆ.

"ಹೇಗಿದೆ?" ಎಂದ ಡೆಸ್ಮಂಡ್. ಅವನ ಕಣ್ಣು ಕೆಂಪಗಿತ್ತು.

ತುಂಬಾ ಚೆನ್ನಾಗಿದೆ ಎಂಬ ಮಾತು ತಾನಾಗಿಯೇ ಬಾಯಿಗೆ ಬಂತು. ಲೋರ್ನಾ ಅದನ್ನು ಒಳಗೇ ತಡೆದಳು.

"ಡೆಸ್, ನಾನು ಸಕ್ಕರೆ ಹಾಕ್ಕೊಳ್ಳಲ್ಲ. ಯಾವತ್ತೂ ಹಾಕ್ಕೊಂಡಿಲ್ಲ. ಇದು ನಂಗೆ ಬೇಡ."

ಅವನು ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ. "ಮೊದ್ಲೇ ಹೇಳ್ಬಾರ್ದಿತ್ತಾ?"

"ಈಗ ಹೇಳ್ದೆನಲ್ಲ."

ಡೆಸ್ಮಂಡ್ ಕಪ್ಪು ತೆಗೆದುಕೊಂಡು ಕೆಳಗೆ ಹೋಗಿ ಮತ್ತೆ ನೀರಿಟ್ಟ. ಲೋರ್ನಾ ಸಹಾಯಕ್ಕೆ ಏಳದೆ ಅಲ್ಲೇ ಕೂತಿದ್ದಳು.